ಹೆಡ್‌ಮಾಸ್ಟರ್ ಕಲ್ಲಿನ ಎಡಬದಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಮೂರು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಗುಡ್ಡದಲ್ಲಿ ಸೈಕಲ್ ಓಡಿಸುವವರ ಕಥೆ. ಏರಿನಿಂದ ಶುರು ಮಾಡಿದರೆ ನಿಮಗೆ ಏದುಸಿರು ಬರುತ್ತದೆ. ಇಳಿಜಾರಿನಿಂದ ಶುರು ಮಾಡಿದರೆ ಎರಡನೇ ಪ್ಯಾರಾದಲ್ಲೇ ಕಥೆ ಮುಗಿದುಹೋಗುತ್ತದೆ.

ಮೊದಲ ಡ್ರಾಫ್ಟಿನ ಮೊದಲ ಸಾಲು ಹೀಗಿತ್ತು: "ಸೈಕಲ್ಲು ಗಾಳಿಯಲ್ಲಿತ್ತು. ಅಕ್ಕ ಅದರ ಮೇಲಿರಲಿಲ್ಲ."

ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಅಕ್ಕನಿಗೇ ಓದಲು ಕೊಟ್ಟೆ. (ಪಾತ್ರಗಳ ಕೈಗೆ ಕಥೆ ಕೊಡಬಾರದು. ಈ ಬುದ್ಧಿಯನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.) ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿದಳು.

"ಶುರುವಲ್ಲೇ ನನ್ನ ಬೀಳಿಸ್ಬಿಟ್ಯಲ್ಲೋ! ಇಪ್ಪತ್ತೆರಡು ವರ್ಷ ಬೀಳದೆ ಓಡಿಸಿದ್ದನ್ನ ಯಾರು ಬರೀತಾರೆ, ನಿಮ್ಮ ತಾತನಾ?"

"ನನ್ನ ತಾತ ನಿನಗೂ ತಾತಾನೇ ಅಕ್ಕ."

"ಅದಕ್ಕೇ ಹೇಳ್ತಿರೋದು, ಅವರು ಬರೆಯೋ ಪೈಕಿ ಅಲ್ಲ. ನೀನೇ ಬರಿ."

೧, ಇನ್ನೊಮ್ಮೆ

ಸರಿ. ಅಕ್ಕನಿಗೆ ಐವತ್ತೊಂದು ವರ್ಷ. (ಈ ಸಂಖ್ಯೆಯನ್ನು ತೆಗೆ ಎಂದಿದ್ದಾಳೆ. ತೆಗೆದಿದ್ದೇನೆ. ನಿಮಗಿನ್ನೂ ಕಾಣುತ್ತಿದ್ದರೆ ಅದು ನಿಮ್ಮ ಕಣ್ಣಿನ ದೋಷ.) ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಕಿಟಕಿಯಿಲ್ಲದ ಕೋಣೆ, ಒಂದು ಎತ್ತರದ ಕುರ್ಚಿ, ಎದುರು ಗೋಡೆಗೆ ಒಂದು ಗಡಿಯಾರ. ಕುರ್ಚಿಯಲ್ಲಿ ಕೂತವರ ತೋಳಿಗೆ ಪಟ್ಟಿ ಬಿಗಿಯುತ್ತಾ, "ನನ್ನ ಕನ್ನಡಕ ಮಸುಕು, ಗಂಟೆ ಎಷ್ಟು ಸ್ವಲ್ಪ ನೋಡಿ ಹೇಳ್ತೀರಾ?" ಎಂದು ಕೇಳುತ್ತಾಳೆ. ಅವರು ಮುಳ್ಳು ನೋಡಿ ಲೆಕ್ಕ ಹಾಕಿ ಹೇಳುವಷ್ಟರಲ್ಲಿ ಟ್ಯೂಬು ತುಂಬಿರುತ್ತದೆ. ಆ ಗಡಿಯಾರ ಹತ್ತು ನಿಮಿಷ ಹಿಂದಿದೆ. ಸರಿ ಮಾಡಿಸುವ ಗೋಜಿಗೆ ಅವಳು ಹೋಗಿಲ್ಲ.

ಅವಳ ಗಂಡ, ಅಂದರೆ ನನ್ನ ಭಾವ, ಮನೆಯ ಕೆಳಗೇ ಸೈಕಲ್ ಅಂಗಡಿ ಇಟ್ಟಿದ್ದಾರೆ. ಊರಿನ ಅರ್ಧ ಸೈಕಲ್ಲುಗಳು ಅವರ ಕೈಯಲ್ಲಿ ರಿಪೇರಿಯಾಗಿವೆ, ಆದರೆ ತಾವು ಮಾತ್ರ ಹತ್ತುವುದಿಲ್ಲ. ಕೇಳಿದರೆ, "ಅಡುಗೆ ಮಾಡಿದೋನಿಗೆ ಹಸಿವಿರಲ್ಲ ಕಣಯ್ಯ" ಎನ್ನುತ್ತಾರೆ.

ಇನ್ನು ನಾನು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರ್ ಜೊತೆ ಡಬ್ಬದಲ್ಲಿ ಒಂದು ಪುಟ್ಟ ಪುಸ್ತಕ ಬರುತ್ತದಲ್ಲ, ನೀವು ಬಿಚ್ಚದೆ ಬಿಸಾಡುತ್ತೀರಲ್ಲ, ಅದನ್ನು ಬರೆಯುವವನು. ಎಚ್ಚರಿಕೆಯ ಪುಟ ನನ್ನ ವಿಶೇಷ. "ಒದ್ದೆ ಕೈಯಲ್ಲಿ ಮುಟ್ಟಬೇಡಿ." "ತಲೆಕೆಳಗಾಗಿ ಇಡಬೇಡಿ." "ಮೈಮೇಲಿರುವ ಬಟ್ಟೆಯನ್ನು ಇಸ್ತ್ರಿ ಮಾಡಬೇಡಿ." ಹದಿನಾಲ್ಕು ವರ್ಷದಿಂದ ನಾನು ಜನರಿಗೆ ಏನು ಮಾಡಬಾರದೆಂದು ಹೇಳಿಯೇ ಹೊಟ್ಟೆ ಹೊರೆದುಕೊಂಡಿದ್ದೇನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

೨

ನೀರಿನ ಟ್ಯಾಂಕಿನ ಹಿಂದೆ ಒಂದು ಗುಡ್ಡ. ಅದರ ಆಚೆ ಮಗ್ಗುಲಲ್ಲಿ ಒಂದು ಇಳಿಜಾರು. ಇಳಿಜಾರಿನ ನಟ್ಟನಡುವೆ ಸೊಂಟದೆತ್ತರದ ಒಂದು ಕಲ್ಲು. ಸವಾರರು ಅದಕ್ಕೆ ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಿದ್ದಾರೆ, ಯಾಕೆಂದರೆ ಎಲ್ಲರೂ ಒಮ್ಮೆಯಾದರೂ ಅದರ ಮುಂದೆ ಅಡ್ಡಬಿದ್ದವರೇ. ಕಲ್ಲಿನ ಬಲಕ್ಕೆ ಪೊದೆ, ಹಳ್ಳ. ಎಡಕ್ಕೆ ಎರಡು ಗೇಣು ಅಗಲದ ಮಣ್ಣಿನ ದಾರಿ. ಸೈಕಲ್ಲಿಗೆ ಎರಡು ಗೇಣು ಧಾರಾಳವಾಯಿತು, ಮನುಷ್ಯನ ಮನಸ್ಸಿಗೆ ಮಾತ್ರ ಸಾಲುವುದಿಲ್ಲ.

ಇಪ್ಪತ್ತೆರಡು ವರ್ಷ ಅಕ್ಕ ಆ ಎಡಬದಿಯಿಂದಲೇ ಸಲೀಸಾಗಿ ಇಳಿದಳು. ಎಂಟು ತಿಂಗಳ ಹಿಂದೆ ಬಿದ್ದಳು. ಕಾಲರ್ ಬೋನ್ ಮುರಿಯಿತು. ಸೈಕಲ್ಲಿನ ಹ್ಯಾಂಗರ್ ಮುರಿಯಿತು. ಹಿಂದಿನ ಗೇರನ್ನು ಚೌಕಟ್ಟಿಗೆ ಹಿಡಿದಿಡುವ ಹೆಬ್ಬೆರಳಿನಷ್ಟು ತುಂಡು ಅದು. ಬಿದ್ದಾಗ ಚೌಕಟ್ಟು ಉಳಿಯಲಿ ಎಂದು ತಾನು ಮುರಿದುಕೊಳ್ಳುತ್ತದೆ.

ಕಥೆ ಇಷ್ಟೇ: ಅಕ್ಕ ಮತ್ತೆ ಆ ಇಳಿಜಾರು ಇಳಿಯುತ್ತಾಳೋ ಇಲ್ಲವೋ.

೩

(ಈ ಜಾಗದಲ್ಲಿ ಸವಾರರು ಪರಸ್ಪರ ಕೊಟ್ಟುಕೊಳ್ಳುವ ಬುದ್ಧಿಮಾತುಗಳನ್ನು ಹಾಕಿದರೆ ಕಥೆಗೆ ತೂಕ ಬರುತ್ತದೆಂದು ಅನಿಸಿತು. ತೂಕ ಬಂದರೆ ಏರಿನಲ್ಲಿ ಕಷ್ಟ. ಆದರೂ ಇರಲಿ.)

ಟೈರಿಗೆ ಕಲ್ಲಿನಂತೆ ಗಾಳಿ ತುಂಬಬೇಡಿ, ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಹೋಗಬೇಕು. ಬ್ರೇಕಿಗೆ ಒಂದೇ ಬೆರಳು, ಉಳಿದ ಮೂರು ಹಿಡಿಗೆ. ಕೂರುವ ಕಡೆ ದಿಂಬು ಹೊಲಿದ ಸೈಕಲ್ ಚಡ್ಡಿಯೊಳಗೆ ಇನ್ನೊಂದು ಚಡ್ಡಿ ಹಾಕುವಂತಿಲ್ಲ. (ಇದನ್ನು ಹೊಸಬರಿಗೆ ಹೇಗೆ ಹೇಳುವುದೆಂದು ತಿಳಿಯದೆ ನಾನು ಒಂದು ವರ್ಷ ಒದ್ದಾಡಿದ್ದೇನೆ. ಅಕ್ಕ ಅರ್ಧ ನಿಮಿಷದಲ್ಲಿ ಹೇಳುತ್ತಾಳೆ, ಅದೂ ಅಪರಿಚಿತರಿಗೆ.) ಏರಿನಲ್ಲಿ ಮಾತಾಡಿದರೆ ಉಸಿರು ಹೋಗುತ್ತದೆ, ಇಳಿಜಾರಿನಲ್ಲಿ ಮಾತಾಡಿದರೆ ಹಲ್ಲು ಹೋಗುತ್ತದೆ.

ಎಲ್ಲಕ್ಕಿಂತ ಹಳೆಯ ಮಾತು: ಕಣ್ಣು ಹೋದ ಕಡೆ ಚಕ್ರ ಹೋಗುತ್ತದೆ. ಕಲ್ಲನ್ನು ನೋಡಿದರೆ ಕಲ್ಲಿಗೆ, ದಾರಿಯನ್ನು ನೋಡಿದರೆ ದಾರಿಗೆ.

೪

ಇಲ್ಲ. ಬರೆದಿದ್ದೆ, ಹರಿದೆ. ಮುಂದಕ್ಕೆ ಹೋಗೋಣ.

೫

ಮೂರು ವಾರದ ಹಿಂದೆ, ಊಟದ ಮೇಜಿನ ಬಳಿ ಅಕ್ಕ ಹೇಳಿದಳು: "ಬರೋ ತಿಂಗಳ ಮೊದಲ ಭಾನುವಾರ ನಾನು ಇಳೀತೀನಿ."

ಭಾವನ ಕೈ ತಟ್ಟೆಯಲ್ಲೇ ನಿಂತಿತು. "ಹ್ಯಾಂಗರ್ ಬಂದಿಲ್ಲವಲ್ಲ. ಆ ಕಂಪನಿಯೋರು ಮಾಡೋದೇ ನಿಲ್ಸಿದ್ದಾರಂತೆ."

ಅಕ್ಕ ಎದ್ದು ಹೋಗಿ ಭಾವನ ಅಂಗಿಯ ಜೇಬಿಗೆ ಎರಡು ಬೆರಳು ಹಾಕಿ, ಫಳಫಳ ಹೊಳೆಯುವ ಹ್ಯಾಂಗರ್ ತೆಗೆದು ಮೇಜಿನ ಮೇಲಿಟ್ಟಳು.

"ಇದು ಬಂದು ಏಳು ತಿಂಗಳಾಯ್ತು ರೀ. ಪ್ರತಿ ಸಲ ಅಂಗಿ ಒಗೆಯೋ ಮುಂಚೆ ತೆಗೆದಿಡ್ತೀನಿ, ಇಸ್ತ್ರಿ ಆದ್ಮೇಲೆ ಮತ್ತೆ ಜೇಬಿಗೆ ಹಾಕ್ತೀನಿ."

ಭಾವನ ಮುಖ ಪೆಚ್ಚಾಯಿತು. "ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಹೇಗೂ ಮೂಳೆ ಕೂಡ್ಬೇಕಿತ್ತು. ಅಲ್ಲಿವರೆಗೆ ನಿಮ್ಮ ಭಯಾನೂ ಒಂದು ಜಾಗದಲ್ಲಿ ಭದ್ರವಾಗಿರ್ಲಿ ಅಂತ."

(ಈ ಸಾಲನ್ನು ನಾನು ಬರೆದದ್ದಲ್ಲ. ಅವಳು ಹೇಳಿದ್ದೇ ಹೀಗೆ. ಬರೆಯುವವನು ನಾನು, ಒಳ್ಳೆಯ ಸಾಲುಗಳೆಲ್ಲ ಅವಳವು. ಇದಕ್ಕೆ ನನಗೆ ಹೊಟ್ಟೆಕಿಚ್ಚೂ ಇದೆ, ಹೆಮ್ಮೆಯೂ ಇದೆ.)

"ಇಳಿಯಲೇಬೇಕಾ?" ಎಂದು ನಾನು ಕೇಳಿದೆ.

ಅಕ್ಕ ನೀರಿನ ಲೋಟ ಪಕ್ಕಕ್ಕೆ ಸರಿಸಿದಳು. "ಮೊನ್ನೆ ಒಬ್ರು ಅಜ್ಜಿ ಬಂದಿದ್ರು. ನರ ಎದ್ದು ಕಾಣ್ತಿತ್ತು, ಕಣ್ಣು ಮುಚ್ಕೊಂಡೂ ಚುಚ್ಚಬಹುದಿತ್ತು. ಸೂಜಿ ಹಿಡಿದ ತಕ್ಷಣ ಕಿವಿಯೊಳಗೆ ಯಾರೋ 'ತಪ್ಪಬೇಡ, ತಪ್ಪಬೇಡ' ಅಂದ ಹಾಗಾಯ್ತು. ತಪ್ಪಿದೆ. ಮೂರು ಸಲ ಚುಚ್ಚಿದೆ. 'ಪರವಾಗಿಲ್ಲ ಮಗಳೇ' ಅಂದ್ರು ಪಾಪ. ಆಮೇಲೆ ಸ್ಟೋರ್ ರೂಮಿಗೆ ಹೋಗಿ ಅತ್ತೆ. ಅವತ್ತು ಬಿದ್ದಾಗಿಂದ ಹೀಗೇ. ದಿನಾ. ಹೀಗೇ ಆದ್ರೆ ಕೆಲಸ ಬಿಡ್ಬೇಕಾಗುತ್ತೆ. ಅದು ಎಲ್ಲಿ ಹೊಕ್ಕಿತೋ ಅಲ್ಲೇ ಅದನ್ನ ಬಿಟ್ಟು ಬರ್ಬೇಕು ನಾನು."

ಭಾವ ಹ್ಯಾಂಗರ್ ಎತ್ತಿಕೊಂಡು ಅಂಗಡಿಗೆ ಇಳಿದುಹೋದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅವಳ ಕಿವಿಯೊಳಗಿನ ಆ ಯಾರೋ ಯಾರೆಂದು ನನಗೆ ಗೊತ್ತಿತ್ತು.

೬. ಮುಕ್ತಾಯಗಳು (ಬೇಕಾದ್ದನ್ನು ಆರಿಸಿಕೊಳ್ಳಬಹುದು, ನಾನು ಬೇಡವೆನ್ನುವುದಿಲ್ಲ)

ಅ. ಅಕ್ಕ ಹೂವಿನಂತೆ ಇಳಿದಳು. ಗುಡ್ಡದ ಮೇಲೆ ಸೂರ್ಯ ಹುಟ್ಟಿದ.

ಅಕ್ಕ: "ಸೂರ್ಯನ್ನ ತೆಗಿ. ನಾವು ಮೇಲೆ ಮುಟ್ಟೋದೇ ಹತ್ತೂವರೆಗೆ."

ಆ. ಅಕ್ಕ ಕಲ್ಲಿನ ಬಳಿ ಇಳಿದು, ಸೈಕಲ್ ತಳ್ಳಿಕೊಂಡು ಬಂದಳು. ಸೋಲಿಗೂ ಒಂದು ಘನತೆಯಿದೆ.

ಇದನ್ನು ಬರೆಸಿದ್ದು ಭಾವ. ಗ್ರೀಸ್ ಕೈಯಲ್ಲೇ ನನ್ನ ತೋಳು ಹಿಡಿದು ಮೂಲೆಗೆ ಕರೆದು, "ತಳ್ಕೊಂಡು ಬಂದ್ಲು ಅಂತ ಬರಿಯಯ್ಯ. ನೀನು ಬರೆದಿದ್ದು ಅವಳು ಓದ್ತಾಳಲ್ಲ, ಹಾಗೇ ಮಾಡಿದ್ರೂ ಮಾಡ್ಬಹುದು" ಎಂದರು. ನನ್ನ ಬರವಣಿಗೆಯ ಮೇಲೆ ಇಷ್ಟು ನಂಬಿಕೆಯಿಟ್ಟ ಓದುಗ ಇನ್ನೊಬ್ಬರಿಲ್ಲ.

ಅಕ್ಕ: "ಘನತೆಯಂತೆ, ನಿನ್ನ ತಲೆ. ಇದು ನಮ್ಮ ಯಜಮಾನ್ರ ಕೈವಾಡ. ಅಂಚಲ್ಲಿ ಗ್ರೀಸ್ ಇದೆ ನೋಡು."

ಇ. ಅಕ್ಕ ಮತ್ತೆ ಬಿದ್ದಳು.

ಇದನ್ನು ಅಕ್ಕನಿಗೆ ತೋರಿಸಬಾರದೆಂದಿದ್ದೆ, ಆದರೂ ಅವಳು ಓದಿದಳು. ಹಳೆಯ ಡ್ರಾಫ್ಟುಗಳನ್ನೂ ಕಸದ ಬುಟ್ಟಿಯಿಂದ ತೆಗೆದು, ನೆಲದ ಮೇಲೆ ಹರಡಿ ಎಣಿಸಿದಳು. ಹನ್ನೊಂದರಲ್ಲಿ ಒಂಬತ್ತು ಸಲ ನಾನು ಅವಳನ್ನು ಬೀಳಿಸಿದ್ದೆ.

"ಬರೆಯುವಾಗಲೂ ಕಲ್ಲನ್ನೇ ನೋಡ್ತೀಯಲ್ಲೋ ನೀನು" ಎಂದಳು. ಆಮೇಲೆ ಪುಟಗಳನ್ನು ಅನುಕ್ರಮವಾಗಿ ಜೋಡಿಸಿ ಕೇಳಿದಳು: "ಮೂರಾದ್ಮೇಲೆ ಐದಿದೆ. ನಾಲ್ಕೆಲ್ಲಿ?"

೪

ಎಂಟು ತಿಂಗಳ ಹಿಂದೆ, ಅವತ್ತು, ನಾನು ಮೊದಲು ಇಳಿದು ತಿರುವಿನಲ್ಲಿ ನಿಂತಿದ್ದೆ. ಅಕ್ಕ ಚೆನ್ನಾಗಿಯೇ ಬರುತ್ತಿದ್ದಳು. ಮೊಣಕೈ ಅಗಲ, ಸೊಂಟ ಹಿಂದೆ, ಕಣ್ಣು ಎಡಬದಿಯ ದಾರಿಯ ಮೇಲೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. "ಅಕ್ಕಾ, ಹೆಡ್‌ಮಾಸ್ಟರ್! ಹೆಡ್‌ಮಾಸ್ಟರ್‌ಗೆ ಹೊಡೀಬೇಡ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಅವಳ ಕಣ್ಣು ದಾರಿಯಿಂದ ಕಲ್ಲಿಗೆ ಹೋಯಿತು. ಕಣ್ಣು ಹೋದ ಕಡೆ ಚಕ್ರವೂ ಹೋಯಿತು.

ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ "ಚಕ್ರ ಜಾರಿತು" ಎಂದೆ. ಭಾವನಿಗೂ ಅದನ್ನೇ ಹೇಳಿದೆ. ಅವರು ಪಾಪ, ಟೈರು ಹಾಕಿದ್ದು ತಾವೇ ಎಂದು ಒಂದು ವಾರ ಊಟ ಬಿಟ್ಟರು. ಆಗಲೂ ನಾನು ಬಾಯಿ ಬಿಡಲಿಲ್ಲ. ಕೂಗಬಾರದಾಗ ಕೂಗಿದೆ, ಹೇಳಬೇಕಾದಾಗ ಹೇಳಲಿಲ್ಲ. ನನಗೆ ನಾಚಿಕೆಯಾಗುತ್ತದೆ.

ಇಷ್ಟನ್ನೂ ನೆಲದ ಮೇಲೆ ಕೂತೇ ಅಕ್ಕನಿಗೆ ಹೇಳಿದೆ.

"ಗೊತ್ತು ಕಣೋ" ಎಂದಳು. "ಮುರಿದಿದ್ದು ಮೂಳೆ, ಕಿವಿಯಲ್ಲ."

"ಮತ್ತೆ ಒಂದು ಮಾತೂ ಆಡ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಎಂಟು ತಿಂಗಳು ತಗೊಂಡೆ. ಎಲ್ಲಾದ್ರಲ್ಲೂ ನಿಧಾನ ನೀನು, ಏರಲ್ಲೂ ಅಷ್ಟೇ."

ನಾನು ಅತ್ತೆ. (ಆಧುನಿಕೋತ್ತರ ಕಥೆಯಲ್ಲಿ ನಿರೂಪಕ ಅಳಬಹುದೋ ಇಲ್ಲವೋ ಗೊತ್ತಿಲ್ಲ. ಅತ್ತೆ.) ಅವಳು ಸೆರಗಿನಿಂದಲೇ ನನ್ನ ಮೂಗು ಒರೆಸಿದಳು, ನನಗೆ ನಲವತ್ಮೂರು ಎಂಬುದನ್ನು ಲೆಕ್ಕಿಸದೆ.

"ನಾನು ಯಾವತ್ತಾದ್ರೂ ಯಾರಿಗಾದ್ರೂ 'ಸೂಜಿ ನೋಡ್ಬೇಡಿ' ಅಂದಿದ್ದು ಕೇಳಿದ್ದೀಯಾ? ಹಾಗಂದ್ರೆ ನೋಡೇ ನೋಡ್ತಾರೆ. ಅದಕ್ಕೇ ಗಂಟೆ ಕೇಳ್ತೀನಿ. ಭಾನುವಾರ ನೀನೇ ನನ್ನ ಗಡಿಯಾರ. ಎಡಬದಿ ದಾರಿ ಮುಗಿಯೋ ಕಡೆ ನಿಂತ್ಕೋ. ನಿನ್ನ ಮುಖ ನೋಡ್ಕೊಂಡು ಬರ್ತೀನಿ. ಆದ್ರೆ ನೀನು ಕಲ್ಲಿನ ಕಡೆ ಕಣ್ಣು ಹಾಯಿಸಿದ್ಯೋ, ನನ್ನ ಕಣ್ಣೂ ಅಲ್ಲಿಗೇ ಬರುತ್ತೆ. ಆಗುತ್ತಾ?"

"ಆಗುತ್ತೆ" ಎಂದೆ. ಆಗುತ್ತದೋ ಇಲ್ಲವೋ ಇವತ್ತಿನವರೆಗೂ ಗೊತ್ತಿಲ್ಲ.

ಆಮೇಲೆ ಅಂಗಡಿಗೆ ಇಳಿದು ಭಾವನಿಗೂ ಹೇಳಿದೆ. ಅವರು ಹ್ಯಾಂಗರಿನ ಸ್ಕ್ರೂ ಬಿಗಿಯುತ್ತಿದ್ದರು. ತಿರುಗಿ ನೋಡದೆ, "ಹಾಗಾದ್ರೆ ಟೈರಿನ ತಪ್ಪಲ್ಲ" ಎಂದು ಮಾತ್ರ ಹೇಳಿ, ಆ ಸ್ಕ್ರೂ ಪೂರ್ತಿ ಬಿಗಿದ ಮೇಲೆ ನನಗೆ ಸ್ಟೂಲು ಎಳೆದುಕೊಟ್ಟರು.

೭

ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ, ಇಳಿಜಾರಿನ ಕೆಳಗೆ, ಎಡಬದಿಯ ದಾರಿ ಮುಗಿಯುವ ಕಡೆ ನಿಂತು. ಪಕ್ಕದಲ್ಲಿ ಭಾವ. ಜೀವನದಲ್ಲಿ ಮೊದಲ ಸಲ ಗುಡ್ಡ ಹತ್ತಿದ್ದಾರೆ, ಅದೂ ಚಪ್ಪಲಿಯಲ್ಲಿ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬ. ಡಬ್ಬವನ್ನು ಅಕ್ಕನಿಗೆ ಕಾಣದಂತೆ ಬೆನ್ನ ಹಿಂದೆ ಹಿಡಿದಿದ್ದಾರೆ.

ಮೇಲೆ ಅಕ್ಕ ಒಂದು ಕಾಲು ನೆಲಕ್ಕೂರಿ ನಿಂತಿದ್ದಾಳೆ. ನನ್ನ ನಾಲಿಗೆಯ ತುದಿಯಲ್ಲಿ ಆ ಹಳೆಯ 'ಹೊಡೀಬೇಡ'ವೇ ಬಂದು ಕೂತಿದೆ.

"ಗಂಟೆ ಎಷ್ಟಾಯ್ತೋ?" ಎಂದು ಮೇಲಿನಿಂದ ಕೂಗಿದಳು.

"ಹತ್ತೂ ನಲವತ್ತು!" ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ಆ 'ಹೊಡೀಬೇಡ' ನಾಲಿಗೆಯಿಂದ ಇಳಿದುಹೋಗಿತ್ತು. ಇವಳು ನನಗೂ ಸೂಜಿ ಚುಚ್ಚಿಬಿಟ್ಟಳು.

"ಸರಿ, ಫೋನ್ ಒಳಗಿಡು. ಬರ್ತಿದ್ದೀನಿ."

ಓದುಗರೇ, ಮುಕ್ತಾಯವನ್ನು ನಾನು ಬರೆಯಲಾರೆ. ಬರೆಯಬೇಕೆಂದರೆ ತಲೆ ಬಗ್ಗಿಸಬೇಕು, ತಲೆ ಬಗ್ಗಿಸಿದರೆ ಅವಳಿಗೆ ನನ್ನ ಮುಖ ಕಾಣುವುದಿಲ್ಲ. ನೀವು ಕಥೆ ಕೈಕೊಟ್ಟಿತೆಂದು ಬೈದುಕೊಂಡರೂ ಸರಿಯೇ. ಒಂದೇ ಒಂದು ಕೇಳಿಕೊಳ್ಳುತ್ತೇನೆ, ನೀವೂ ಇಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದೀರಲ್ಲ, ದಯವಿಟ್ಟು ಆ ಕಲ್ಲಿನ ಕಡೆ ನೋಡಬೇ

ಇಲ್ಲ. ತಪ್ಪಾಯಿತು.

ಅಕ್ಕನನ್ನು ನೋಡಿ.