ಕುಣಿಯದ ಮುಚ್ಚಳ

ಮಿಸೌರಿಯ ಹಾಲೋ ಬೆಂಡ್ ಊರಿನಲ್ಲಿ ಮನೆಗೊಬ್ಬರಾದರೂ ಲಾರಿ ಓಡಿಸುವವರಿದ್ದಾರೆ. ಸ್ವಂತ ಲಾರಿ ಇರುವವರು ಮಾತ್ರ ಬೆರಳೆಣಿಕೆಯಷ್ಟು. ಉಳಿದವರೆಲ್ಲ ಕಂಪನಿಯ ಲಾರಿ ಹತ್ತಿ, ಕಂಪನಿ ಹೇಳಿದ ಕಡೆ ಹೋಗಿ, ಕಂಪನಿ ಬಿಟ್ಟಾಗ ಮನೆಗೆ ಬರುವವರು. ನಾಲ್ಕು ಜನ ಊಟಕ್ಕೆ ಕೂತರೆ ಸಾಕು, ಮಾತು ಅಲ್ಲಿಗೇ ಬರುತ್ತದೆ: ನಮ್ಮದೇ ಅಂತ ಒಂದು ಇದ್ದಿದ್ದರೆ.

ಹಾರ್ಲನ್ ಟಟಲ್‌ಗೂ ಅದೇ ಆಸೆ. ಅವನ ಅಪ್ಪನ ಹೆಸರೂ ಹಾರ್ಲನ್ ಟಟಲ್ಲೇ. ಊರವರ ಬಾಯಲ್ಲಿ ಅಪ್ಪ ದೊಡ್ಡ ಹಾರ್ಲನ್, ಮಗ ಚಿಕ್ಕ ಹಾರ್ಲನ್. ಅಪ್ಪ ತೀರಿಕೊಂಡು ನಾಲ್ಕು ವರ್ಷವಾದರೂ, ಮಗನ ಗಡ್ಡದಲ್ಲಿ ಬಿಳಿ ಕಾಣಿಸಿಕೊಂಡರೂ, ಆ ‘ಚಿಕ್ಕ’ ಹೋಗಿರಲಿಲ್ಲ. ದೊಡ್ಡ ಹಾರ್ಲನ್‌ಗೆ ಉದ್ದ ಮೂತಿಯ ಕಡುಗೆಂಪು ಲಾರಿಯೊಂದಿತ್ತು. ಮೈತುಂಬ ಹೊಳೆಯುವ ಕ್ರೋಮು, ಅಂಚಿಗೆಲ್ಲ ಕಿತ್ತಳೆ ದೀಪಗಳು. ಮುಸ್ಸಂಜೆ ಅದು ಗುಡ್ಡ ಇಳಿದು ಬರುವಾಗ, ಮಿಂಚುಹುಳುಗಳೆಲ್ಲ ಸೇರಿ ಒಂದು ಮನೆಯನ್ನೇ ಹೊತ್ತು ತರುತ್ತಿರುವ ಹಾಗೆ ಕಾಣುತ್ತಿತ್ತು.

ಚಿಕ್ಕ ಹಾರ್ಲನ್‌ಗೆ ಬ್ಯಾಂಕಿನಲ್ಲಿ ಸಾಲ ಹುಟ್ಟಲಿಲ್ಲ. ಹಿಂದಿನ ಸಾಲ ತೀರಿಸಿದ ದಾಖಲೆ, ಅಂದರೆ ಕ್ರೆಡಿಟ್ ಸ್ಕೋರ್, ಕೆಟ್ಟಿದೆ ಅಂದರು. ಎರಡನೇ ಬ್ಯಾಂಕಿನಲ್ಲೂ ಅದೇ ಮಾತು. ಬೇಸರದಲ್ಲಿದ್ದವನಿಗೆ ಪಕ್ಕದ ಜಿಲ್ಲೆಯ ಸಾಗಣೆ ಕಂಪನಿಯೊಂದರ ಜಾಹೀರಾತು ಕಣ್ಣಿಗೆ ಬಿತ್ತು. ‘ಕ್ರೆಡಿಟ್ ಕೇಳುವುದಿಲ್ಲ. ಇವತ್ತು ಬನ್ನಿ, ನಿಮ್ಮದೇ ಲಾರಿಯಲ್ಲಿ ಮನೆಗೆ ಹೋಗಿ.’ ಕೆಳಗಿದ್ದ ಚಿತ್ರದಲ್ಲಿ ಉದ್ದ ಮೂತಿಯ ಕಡುಗೆಂಪು ಲಾರಿ.

ಭಾನುವಾರ ಮಧ್ಯಾಹ್ನ ಅವನ ಮನೆಯಲ್ಲಿ ಬೇಯಿಸಿದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು. ಹೆಂಡತಿ ನೋರೀನ್ ಬಡಿಸುತ್ತಿದ್ದಳು. ಅವಳು ಶಾಲಾ ಬಸ್ ಓಡಿಸುತ್ತಾಳೆ. ಎದುರಿಗೆ ವೆಲ್ಡಾ ಅತ್ತೆ, ದೊಡ್ಡ ಹಾರ್ಲನ್‌ನ ತಂಗಿ. ಮೊಣಕಾಲು ಸೋಲುವವರೆಗೂ ತನ್ನದೇ ಲಾರಿ ಓಡಿಸಿದವಳು.

“ಐದು ಸಾವಿರ ಡಾಲರ್ ಮುಂಗಡ ಕೊಟ್ಟು ಸಹಿ ಹಾಕಿದ್ರೆ ಮುಗೀತು,” ಅಂದ ಹಾರ್ಲನ್. “ನಾಳೆ ಕಂಪನಿ ಕೆಲಸಕ್ಕೆ ರಾಜೀನಾಮೆ. ನಾಳಿದ್ದಿಂದ ನಾನೇ ಯಜಮಾನ.”

ನೋರೀನ್ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಆ ಐದು ಸಾವಿರ ಬಿಟ್ಟರೆ ಮನೆಯಲ್ಲಿ ಬೇರೆ ದುಡ್ಡಿರಲಿಲ್ಲ.

“ಯಜಮಾನನೋ, ಯಜಮಾನನಿಗೆ ಬಾಡಿಗೆ ಕಟ್ಟೋನೋ?” ಅಂದಳು ಅತ್ತೆ.

“ನಿನಗೆ ಯಾವುದು ಸರಿ ಬಂದಿದೆ ಅತ್ತೆ? ನನ್ನ ಮದುವೆ ದಿನವೂ ಕೇಕು ಒಣಗಿದೆ ಅಂದೋಳು ನೀನು.”

“ಒಣಗೇ ಇತ್ತು,” ಅಂದಳು ನೋರೀನ್.

ಅತ್ತೆ ಬ್ರೆಡ್ಡು ಮುರಿದು ಬೀನ್ಸಿನಲ್ಲಿ ಅದ್ದಿದಳು. “ನಾಳೆ ನಾನೂ ಬರ್ತೀನಿ ಕಣೋ. ನೋಡೋದಕ್ಕೆ ದುಡ್ಡು ಕೊಡಬೇಕಿಲ್ವಲ್ಲ.”

ಮಾರನೆಯ ದಿನ ಜಾಹೀರಾತಿನ ಕಂಪನಿಯ ಅಂಗಳದಲ್ಲಿ ಕರ್ಟಿಸ್ ಎಂಬ ಮಾರಾಟಗಾರ ನಗುತ್ತ ಬಂದ. ಲಾರಿ ಬಿಸಿಲಲ್ಲಿ ರಾಜಕುಮಾರನ ಹಾಗೆ ನಿಂತಿತ್ತು. ಹಾರ್ಲನ್ ಅದರ ಸುತ್ತ ಒಂದು ಸುತ್ತು ಬಂದ. ಅವನ ಮುಖ ಚಿಕ್ಕ ಹುಡುಗನದಾಗಿತ್ತು.

ಅತ್ತೆ ಬಾನೆಟ್ ಎತ್ತಿಸಿ ಇಂಜಿನ್ನಿನ ಮೇಲೆ ಅಂಗೈ ಇಟ್ಟಳು. “ಇದನ್ನ ಯಾವಾಗ ಸ್ಟಾರ್ಟ್ ಮಾಡಿದ್ರಿ?”

“ಇವತ್ತು ಮುಟ್ಟೇ ಇಲ್ಲ ಅಮ್ಮಾ,” ಅಂದ ಕರ್ಟಿಸ್.

“ಹಾಗಾದ್ರೆ ಪಾಪ, ಇದಕ್ಕೆ ಜ್ವರ ಬಂದಿರಬೇಕು.”

ಕರ್ಟಿಸ್ ಕೆಮ್ಮಿದ. ಅತ್ತೆ ಹಾರ್ಲನ್ ಕಡೆ ತಿರುಗಿದಳು. “ತಣ್ಣಗಿರೋ ಇಂಜಿನ್ನೇ ನಿಜ ಹೇಳೋದು. ರೋಗ ಕಾಣಬಾರದು ಅಂತ ನಾವು ಬರೋ ಮೊದಲೇ ಯಾರೋ ಓಡಿಸಿಟ್ಟಿದ್ದಾರೆ. ಈಗ ಸ್ಟಾರ್ಟ್ ಮಾಡು.”

ಇಂಜಿನ್ ಗುಡುಗಿತು. ಆಯಿಲ್ ಹುಯ್ಯುವ ಬಾಯಿಯ ಮುಚ್ಚಳವನ್ನು ಅತ್ತೆ ತಿರುಗಿಸಿ ತೆಗೆದು, ಬೋರಲಾಗಿ ಅದೇ ಬಾಯಿಯ ಮೇಲೆ ಇಟ್ಟಳು. ಹಳೇ ಡ್ರೈವರುಗಳು ಲಾರಿ ಕೊಳ್ಳುವ ಮುಂಚೆ ಹೀಗೇ ಮಾಡುತ್ತಾರೆ. ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿ ಅಡಗಿರುತ್ತದಲ್ಲ, ಲಾರಿಯ ಪ್ರಾಣ ಅಷ್ಟು ದೂರವಿಲ್ಲ, ಆ ಮುಚ್ಚಳದ ಕೆಳಗೇ ಉಸಿರಾಡುತ್ತಿರುತ್ತದೆ. ಮುಚ್ಚಳ ಒಮ್ಮೆ ನಡುಗಿತು, ಆಮೇಲೆ ತಕತಕ ಕುಣಿಯಿತು, ಕಡೆಗೆ ಹಾರಿ ಮಣ್ಣಿಗೆ ಬಿತ್ತು. ಬಾಯಿಂದ ನೀಲಿ ಹೊಗೆ ಬುಸುಬುಸು ಎದ್ದಿತು.

“ಒಳಗೆ ಸವೆದಿದೆ, ಅದಕ್ಕೇ ಹೊಗೆ ಮೇಲಕ್ಕೆ ನುಗ್ತಿದೆ,” ಅಂದಳು ಅತ್ತೆ. “ಇದನ್ನ ರಿಪೇರಿ ಮಾಡಿಸೋದು ಯಾರು ಕರ್ಟಿಸ್?”

“ಓಡಿಸೋರು ಅಮ್ಮಾ. ಒಪ್ಪಂದದಲ್ಲಿದೆ.”

“ಲೋಡ್ ಇಲ್ಲದ ವಾರವೂ ಕಂತು ಕಟ್ಟಬೇಕಾ?”

“ವಾರಕ್ಕೆ ಒಂಬೈನೂರು. ದುಡಿಮೆಯಲ್ಲೇ ಮುರ್ಕೊಳ್ತೀವಿ. ಲೋಡ್ ನಾವೇ ಕೊಡ್ತೀವಲ್ಲ.”

“ಕೊಡದಿದ್ರೆ?”

ಕರ್ಟಿಸ್ ನಕ್ಕ. ಒಪ್ಪಂದದ ಹಾಳೆ ಚಾಚಿ, ಹಾರ್ಲನ್ ಕೈಗೆ ಪೆನ್ನು ಕೊಟ್ಟ.

“ಕಂತು ತಪ್ಪಿದ್ರೆ ಲಾರಿ ವಾಪಸ್ಸು, ಕಟ್ಟಿದ ದುಡ್ಡೂ ಹೋಯ್ತು. ಅಲ್ವಾ? ಅಲ್ಲಿವರೆಗೆ ಲಾರಿಯ ಕಾಗದ ಯಾರ ಹೆಸರಲ್ಲಿ?”

“ಕಂಪನಿ ಹೆಸರಲ್ಲಿ. ಅದು ಎಲ್ಲಾ ಕಡೆ ಹಾಗೇ.”

ಹಾರ್ಲನ್ ಪೆನ್ನು ಕೈಯಲ್ಲಿ ಹಿಡಿದೇ ಇದ್ದ. “ಅತ್ತೆ, ಅಪ್ಪನ ಲಾರಿಯೂ ಥೇಟ್ ಹೀಗೇ ಇತ್ತು,” ಅಂದ ಮೆಲ್ಲಗೆ.

“ಇತ್ತು. ಅದೇನಾಯ್ತು ಅಂತ ಗೊತ್ತಾ?”

“ಮಾರಿದೆ ಅಂದಿದ್ದ.”

“ನಿನಗೆ ಹಾಗಂದಿದ್ದ. ನೀನು ಟೆಕ್ಸಾಸ್ ಕಡೆ ಲೋಡ್‌ನಲ್ಲಿದ್ದೆ. ಫೈನಾನ್ಸಿನವರು ಬಂದು ಎಳಕೊಂಡು ಹೋದ್ರು. ನಿಮ್ಮಪ್ಪ ಬಾಗಿಲಲ್ಲಿ ನಿಂತು ನೋಡಿದ. ಅವನೂ ಹೀಗೇ ಒಂದು ಅಂಗಳದಲ್ಲಿ, ಹೀಗೇ ಹೊಳಪು ನೋಡಿ ಸಹಿ ಹಾಕಿದ್ದ ಕಣೋ.”

ಹಾರ್ಲನ್ ಇಂಜಿನ್ ಆರಿಸಿದ. ಬಗ್ಗಿ ಮುಚ್ಚಳ ಎತ್ತಿಕೊಂಡು, ಮಣ್ಣು ಒರೆಸಿ, ಅದರ ಜಾಗದಲ್ಲಿ ತಿರುಗಿಸಿ ಕೂರಿಸಿದ. ಪೆನ್ನನ್ನು ಕರ್ಟಿಸ್ ಕೈಗೆ ಕೊಟ್ಟ.

ಮನೆ ಮುಂದಿನ ಮೆಟ್ಟಿಲ ಮೇಲೆ ಕೂತ ಮೇಲೆ ಹಾರ್ಲನ್‌ನ ಸಿಟ್ಟು ಹೊರಬಂತು. “ಈಗೇನು? ಬ್ಯಾಂಕಿನವರು ಕೊಡಲ್ಲ, ಇವರ ಹತ್ತಿರ ತಗೋಬಾರದು. ನನ್ನಂಥೋನು ಸಾಯೋವರೆಗೂ ಬೇರೆಯವರ ಸ್ಟೀರಿಂಗ್ ಹಿಡೀಬೇಕಾ?”

“ನಿನ್ನ ಕ್ರೆಡಿಟ್ ವರದಿ ಯಾವತ್ತಾದ್ರೂ ತೆಗೆಸಿ ನೋಡಿದ್ದೀಯಾ?” ಅಂದಳು ಅತ್ತೆ.

“ಕೆಟ್ಟಿದೆ ಅಂತ ಗೊತ್ತಲ್ಲ. ನೋಡಿ ಯಾಕೆ ಹೊಟ್ಟೆ ಉರಿಸ್ಕೋಬೇಕು?”

“ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರು, ಒಂದೇ ವಿಳಾಸ. ಅವನ ಬಾಕಿ ನಿನ್ನ ಲೆಕ್ಕಕ್ಕೆ ಬಂದು ಕೂತಿದ್ರೆ? ನನ್ನ ಗೆಳತಿಯ ಮಗನಿಗೆ ಹಾಗೇ ಆಗಿತ್ತು.”

ವರದಿ ತರಿಸಿಕೊಳ್ಳಲು ದುಡ್ಡು ಬೇಕಿರಲಿಲ್ಲ. ಜನರ ಸಾಲದ ದಾಖಲೆ ಇಡುವ ಮೂರು ಸಂಸ್ಥೆಗಳೂ ಅದನ್ನು ಉಚಿತವಾಗಿ ಕೊಡುತ್ತವೆ. ಅತ್ತೆಯ ಅನುಮಾನ ನಿಜವಾಗಿತ್ತು. ಅಪ್ಪನ ಲಾರಿ ಸಾಲ ಮಗನ ಹೆಸರಿನ ಕೆಳಗಿತ್ತು.

“ನೋಡಿದ್ಯಾ, ನನ್ನದೇನೂ ತಪ್ಪಿಲ್ಲ,” ಅಂದ ಹಾರ್ಲನ್.

“ಇದರ ಕೆಳಗಿನದು?” ಅಂದಳು ನೋರೀನ್. “ನೀನು ಕಂತು ಕಟ್ಟದೆ ಬಿಟ್ಟ ಪಿಕಪ್ ಗಾಡಿ ಇದು. ಇದನ್ನೂ ನಿಮ್ಮಪ್ಪನ ತಲೆಗೆ ಕಟ್ತೀಯಾ?”

ಅವನು ತಲೆ ಕೆರೆದುಕೊಂಡ.

ಅಪ್ಪನ ಸಾಲದ ಬಗ್ಗೆ ಆ ಸಂಸ್ಥೆಗಳಿಗೆ ತಕರಾರು ಬರೆದು ಕಳಿಸಿದರು. ಜೊತೆಗೆ ಅವನ ಹುಟ್ಟಿದ ದಿನದ ಪುರಾವೆ, ಅಪ್ಪನ ಮರಣಪತ್ರ. ತಿಂಗಳೊಳಗೆ ಅದು ಅಳಿಸಿಹೋಯಿತು. ಪಿಕಪ್‌ನ ಬಾಕಿ ಮಾತ್ರ ಅಳಿಸುವಂಥದ್ದಲ್ಲ, ತೀರಿಸುವಂಥದ್ದು. ವಸೂಲಿಯವರಿಗೆ ಫೋನು ಮಾಡಿ, ಒಪ್ಪಿದ್ದನ್ನು ಬರಹದಲ್ಲಿ ಪಡೆದು, ಸಂಬಳದಿಂದ ಸ್ವಲ್ಪ ಸ್ವಲ್ಪ ಕಟ್ಟಿದ. ಕಂಪನಿ ಕೆಲಸ ಬಿಡಲಿಲ್ಲ. ಐದು ಸಾವಿರವನ್ನು ಮುಟ್ಟಲಿಲ್ಲ. ಊರಿನ ಸಹಕಾರಿ ಸಾಲ ಸಂಘದಲ್ಲಿ ಖಾತೆ ತೆರೆದು, ದಾಖಲೆ ಸುಧಾರಿಸಲೆಂದು ಠೇವಣಿ ಇಟ್ಟು ಚಿಕ್ಕದೊಂದು ಕ್ರೆಡಿಟ್ ಕಾರ್ಡು ತೆಗೆದುಕೊಂಡ. ಮನೆಯ ಕಾರಿನ ಪೆಟ್ರೋಲ್ ಬಿಟ್ಟು ಬೇರೇನಕ್ಕೂ ಅದನ್ನು ಎಳೆಯಲಿಲ್ಲ, ಒಂದು ತಿಂಗಳೂ ಬಾಕಿ ಇಡಲಿಲ್ಲ. ಬೇಜಾರಾದಾಗ ಆ ಕೆಂಪು ಲಾರಿಯ ಸುದ್ದಿ ತೆಗೆಯುತ್ತಿದ್ದ. ಅದನ್ನು ಇನ್ನೊಬ್ಬ ಹುಡುಗ ತೆಗೆದುಕೊಂಡಿದ್ದನಂತೆ. ಚಳಿಗಾಲ ಮುಗಿಯುವ ಮೊದಲೇ ಅದು ಮತ್ತೆ ಅದೇ ಅಂಗಳದಲ್ಲಿ, ತೊಳೆಸಿಕೊಂಡು, ಹೊಳೆಯುತ್ತ ನಿಂತಿತ್ತು.

ಮರುವರ್ಷ ವಸಂತದಲ್ಲಿ ಸಾಲ ಸಂಘದವರು ಹೂಂ ಅಂದರು. ಬಡ್ಡಿ ಎಲ್ಲರಿಗಿಂತ ಒಂದು ಕೈ ಹೆಚ್ಚೇ ಇತ್ತು, ಸುಳ್ಳು ಹೇಳುವುದು ಯಾಕೆ. ಆದರೆ ಕಾಗದ ಇವನ ಹೆಸರಿಗೆ. ಯಾರ ಲೋಡ್ ಬೇಕಾದರೂ ಹೊರಬಹುದು. ಕೈಗೆ ತೀರಾ ಕಡಿಮೆ ಬಂದ ತಿಂಗಳಲ್ಲೂ ಕಟ್ಟಬಹುದಾದಷ್ಟೇ ಕಂತು. ರಿಪೇರಿಗೆಂದು ಬೇರೆ ದುಡ್ಡು ತೆಗೆದಿಟ್ಟ ಮೇಲೇ ಲಾರಿ ಹುಡುಕಲು ಹೊರಟರು.

ಸಿಕ್ಕಿದ್ದು ಹಳೇ ಬಿಳಿ ಲಾರಿ, ಮೊಂಡು ಮೂತಿ, ಕ್ರೋಮ್ ಇಲ್ಲ.

“ಫ್ರಿಜ್ ಇದ್ದ ಹಾಗಿದೆ,” ಅಂದ ಹಾರ್ಲನ್.

“ಫ್ರಿಜ್ ಇದ್ರೆ ಮನೇಲಿ ಊಟ ಕೆಡಲ್ಲ,” ಅಂದಳು ಅತ್ತೆ.

ಬೆಳ್ಳಂಬೆಳಗ್ಗೆ ಹೋಗಿದ್ದರು. ಇಂಜಿನ್ ಇಬ್ಬನಿಯಷ್ಟು ತಣ್ಣಗಿತ್ತು. ದುಡ್ಡು ಕೊಟ್ಟು ಕರೆತಂದ ಮೆಕ್ಯಾನಿಕ್ ಕೆಳಗೆ ತೂರಿ, ಮೇಲೆ ಹತ್ತಿ, ಎಲ್ಲ ನೋಡಿ ತಲೆಯಾಡಿಸಿದ. ಆದರೂ ಹಾರ್ಲನ್ ತಾನೇ ಮುಚ್ಚಳ ತೆಗೆದು ಬೋರಲಾಗಿ ಇಟ್ಟ. ಇಂಜಿನ್ ಓಡುತ್ತಿತ್ತು. ಮುಚ್ಚಳ ನಿದ್ದೆಯಲ್ಲಿರುವ ಮಗುವಿನ ಎದೆಯ ಹಾಗೆ ತುಸುವೇ ಅಲುಗಿತು. ಅಲ್ಲೇ ಕೂತಿತು.

ಲಾರಿ ಮನೆಗೆ ಬಂದ ಸಂಜೆ ಅತ್ತೆ ಚಿಂದಿಯಲ್ಲಿ ಸುತ್ತಿದ್ದ ಏನನ್ನೋ ತಂದುಕೊಟ್ಟಳು. ಬಿಚ್ಚಿದರೆ ಒಂದು ಕಿತ್ತಳೆ ದೀಪ.

“ನಿಮ್ಮಪ್ಪನದು. ಫೈನಾನ್ಸಿನವರು ಲಾರಿ ಎಳಕೊಂಡು ಹೋಗೋ ಮೊದಲು ಬಿಚ್ಚಿಟ್ಕೊಂಡೆ. ಕಳ್ಳತನ ಅನ್ನೋದಾದ್ರೆ ಅನ್ನಲಿ.”

ಬಿಳಿ ಲಾರಿಯ ನೆತ್ತಿಯ ಮೇಲೆ ಈಗ ಆ ಒಂದೇ ಮಿಂಚುಹುಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಸ್ವಂತ ಲಾರಿಯ ಆಸೆ ನಿಮಗೂ ಇರಬಹುದು. ಸಾಲದ ದಾಖಲೆ ಕೆಟ್ಟಿದ್ದರೆ ನಾಚಿಕೆಪಟ್ಟು ಮುಖ ತಿರುಗಿಸಬೇಡಿ. ಮೊದಲು ತರಿಸಿ ಓದಿ. ನಿಮ್ಮದಲ್ಲದ್ದನ್ನು ತೆಗೆಸಿ, ನಿಮ್ಮದನ್ನು ತೀರಿಸಿ. ‘ಏನೂ ಕೇಳುವುದಿಲ್ಲ’ ಅನ್ನುವವರು ಸಿಕ್ಕಿದರೆ, ಕೇಳುವ ಕೆಲಸ ನಿಮ್ಮದು: ಕಾಗದ ಯಾರ ಹೆಸರಲ್ಲಿ, ಕೆಟ್ಟರೆ ಯಾರ ಖರ್ಚು, ಲೋಡ್ ಇಲ್ಲದಿದ್ದರೆ ಏನು ಗತಿ. ರಿಪೇರಿ ದುಡ್ಡು ಕೈಯಲ್ಲಿಲ್ಲದೆ ಕೆಲಸ ಬಿಡಬೇಡಿ. ಹೊಳಪು ನೋಡಿ ಮನಸ್ಸು ಹಾರಿತೋ, ಒಂದು ಗಳಿಗೆ ತಡೆದು ಮುಚ್ಚಳ ಬೋರಲು ಹಾಕಿ. ಅದು ಕುಣಿಯುತ್ತಿದ್ದರೆ ನೀವು ಮನೆಗೆ ನಡೆಯಿರಿ. ನಿಮ್ಮ ಲಾರಿ ಇನ್ನೆಲ್ಲೋ ತಣ್ಣಗೆ ಕಾಯುತ್ತಿರುತ್ತದೆ.