ಮುಯ್ಯಿ ಬರೆಯುವ ಮೌಲಾಹುಸೇನರು

ಮಸ್ಕಿಯ ಮೌಲಾಹುಸೇನರು ಮದುವೆಮನೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಮುಯ್ಯಿ ಬರೆಯಲು ಕುಳಿತರೆಂದರೆ, ಬಲಗೈ ಹೆಸರನ್ನು ಬರೆಯುತ್ತಿರುವಾಗಲೇ ಎಡಗೈ ತಾನಾಗಿ ಬಂದು, ಕೋಳಿ ತನ್ನ ಮರಿಗಳ ಮೇಲೆ ರೆಕ್ಕೆ ಹರಡಿದ ಹಾಗೆ, ಅಂಕಿಯ ಸಾಲನ್ನು ಮುಚ್ಚಿ ಕೂರುತ್ತಿತ್ತು. ಹೆಸರನ್ನು ಯಾರು ಬೇಕಾದರೂ ಓದಿಕೊಳ್ಳಲಿ. ಅದರ ಮುಂದಿನ ಮೊತ್ತ ಕೊಟ್ಟವನಿಗೆ, ಬರೆದವನಿಗೆ ಮತ್ತು ಮದುವೆಯ ಮನೆಯವರಿಗೆ ಮಾತ್ರ ಗೊತ್ತಿರಬೇಕು ಎಂಬುದು ಅವರ ವ್ರತ. ಹತ್ತು ಸಾವಿರ ಕೊಟ್ಟ ಸಾಹುಕಾರನಿಗೂ ನೂರಾ ಒಂದು ಕೊಟ್ಟ ಕೂಲಿಯವನಿಗೂ ಅದೇ ಮುಗುಳ್ನಗೆ, ಅದೇ ಮಾತು: "ಬರ್ದೀನ್ರೀ, ಊಟಕ್ಕ ನಡೀರಿ." ಮೊತ್ತವನ್ನು ಮೈಕಿನಲ್ಲಿ ಕೂಗಿಸುವ ಹಮ್ಮಿನ ಮನೆಯಾದರೆ ಪೆನ್ನನ್ನು ಜುಬ್ಬದ ಜೇಬಿಗೆ ಸಿಕ್ಕಿಸಿ ಎದ್ದುಬಿಡುತ್ತಿದ್ದರು.

ಮುಯ್ಯಿ ಬರೆಯುವುದು ಅವರಿಗೆ ಲಗ್ನದ ದಿನಗಳ ಕೆಲಸ. ಉಳಿದ ದಿನಗಳಲ್ಲಿ ಅವರು ಅರ್ಜಿ ಬರೆಯುವವರು. ಮಸ್ಕಿ ತಾಲ್ಲೂಕು ಆಗುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದ ನಾಡಕಚೇರಿಯ ಎದುರಿನ ಬೇವಿನ ಮರದಡಿ ಕುಳಿತು ಪಹಣಿಗೆ, ಪಿಂಚಣಿಗೆ, ಕಾಲುವೆ ನೀರಿಗೆ ಅರ್ಜಿ ಬರೆದ ಕೈ ಅದು. ಆ ಅಕ್ಷರದ ಚೆಲುವಿಗೆ ಗುಮಾಸ್ತರೂ ಒಂದು ಕ್ಷಣ ಓದುವ ಆಲಸ್ಯವನ್ನು ಮರೆಯುತ್ತಿದ್ದರಂತೆ. ಬರೆದು ಬರೆದು ಅರ್ಜಿಯ ಭಾಷೆ ನಾಲಗೆಗೂ ಹತ್ತಿತ್ತು. ಸಂತೆಯಲ್ಲಿ ಬದನೆಕಾಯಿ ಕೇಳುವಾಗಲೂ "ಅರಿಕೆ ಏನಂದ್ರ" ಎಂದೇ ಶುರುಮಾಡುವರು. ಬೀದಿಯಲ್ಲಿ ನಡೆದರೆ ಗೋಡೆಯ ಬದಿಗೇ. ಎದುರಿಗೆ ಎಮ್ಮೆ ಬಂದರೂ ಮೊದಲು ದಾರಿ ಬಿಡುವವರು ಇವರು.

ಫೋನಿನಲ್ಲಿ ಹಣ ಕಳಿಸುವ ಕಾಲ ಬಂದಾಗ ಮುಯ್ಯಿಗೆ ಒಂದು ಹೊಸ ತೊಡಕು ಹುಟ್ಟಿತು. ಯಾರ ಫೋನಿಗೆ ಕಳಿಸುವುದು? ಅಣ್ಣನ ಖಾತೆಗೆ ಬಂದರೆ ತಮ್ಮನಿಗೆ ಅನುಮಾನ, ತಮ್ಮನ ಖಾತೆಗೆ ಬಂದರೆ ಅತ್ತಿಗೆಗೆ ಹೊಟ್ಟೆನೋವು, ಮದುಮಗಳ ತಾಯಿಯ ಹತ್ತಿರ ಅಂಥ ಫೋನೇ ಇಲ್ಲ. ಬಳಗಾನೂರಿನ ಒಂದು ಮದುವೆಯಲ್ಲಿ ಅಣ್ಣತಮ್ಮಂದಿರು ಇದೇ ಮಾತಿಗೆ ಅಂಗಿ ಹಿಡಿಯುವ ಹಂತಕ್ಕೆ ಹೋದಾಗ, ಹಿರಿಯರೊಬ್ಬರು ಮಧ್ಯೆ ಬಂದು, "ಮೌಲಾಸಾಬ್ರ ಖಾತೇಕ ಹಾಕಿಸ್ರಿ, ಅವ್ರು ಯಾರ ಕಡಿನೂ ಅಲ್ಲ" ಎಂದರು. ಅಂದಿನಿಂದ ಅವರ ಮೇಜಿನ ಮೇಲೆ ಅವರದೇ ಸ್ಕ್ಯಾನರ್ ಚೀಟಿ ನಿಂತಿತು. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ, ಕೂಡಿ ಬಾಳದ ಮನೆಗಳೆಲ್ಲ ಇವರೊಬ್ಬರನ್ನು ಮಾತ್ರ ಕೂಡಿಯೇ ನಂಬಿದವು.

ಪ್ರತಿ ಮದುವೆಯ ಮಾರನೆಯ ದಿನ ಬ್ಯಾಂಕಿಗೆ ಹೋಗಿ ಅಷ್ಟೂ ಹಣ ಬಿಡಿಸಿ, ಮುಯ್ಯಿ ಪುಸ್ತಕದ ಜೊತೆ ತಾಂಬೂಲದ ತಟ್ಟೆಯಲ್ಲಿಟ್ಟು, ಆ ಮನೆಯ ದೇವರ ಜಗಲಿಯ ಮುಂದೆ ಒಪ್ಪಿಸಿ ಬರುವರು. ತಟ್ಟೆ ತಂದವನ ಎದುರಿಗೆ ಎಣಿಸಿದರೆ ಅವನನ್ನು ಕಳ್ಳನೆಂದ ಹಾಗೆ. ತಟ್ಟೆ ಕೊಟ್ಟವನು ರಸೀದಿ ಕೇಳಿದರೆ ಮನೆಯವರನ್ನು ಕಳ್ಳರೆಂದ ಹಾಗೆ. ಹೀಗಾಗಿ ಅವರೂ ಎಣಿಸಲಿಲ್ಲ, ಇವರೂ ಕೇಳಲಿಲ್ಲ. ಸಾವಿರದೈನೂರು ಕೂಲಿ, ಒಂದು ಟವೆಲ್ಲು, ಒಂದು ತೆಂಗಿನಕಾಯಿ ಹಿಡಿದು ಬಸ್ ಹತ್ತುವರು. ಇಡೀ ಕಥೆಯಲ್ಲಿ ಅವರು ಮಾಡಿದ ತಪ್ಪು ಏನಾದರೂ ಇದ್ದರೆ ಅದು ಈ ಮರ್ಯಾದೆಯೇ.

ಮಗಳು ನಗ್ಮಾ ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದಾಗ ಬ್ಯಾಂಕಿನವರು ತಂದೆಯ ಆದಾಯ ತೆರಿಗೆಯ ರಿಟರ್ನ್ ತರಲು ಹೇಳಿದ್ದರು. ಆಗಿನಿಂದ, ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಮಾಳಿಗೆಯಲ್ಲಿ ತೆರಿಗೆ ಕಾಗದ ತುಂಬುವ ವೀರೇಂದ್ರನ ಕೈಯಿಂದ ವರ್ಷವರ್ಷವೂ ತಪ್ಪದೆ ತುಂಬಿಸುತ್ತಿದ್ದರು. ಊರಿನಲ್ಲಿ ಕೋಟಿ ವಹಿವಾಟಿನವರು ಆ ಕಡೆ ತಲೆ ಹಾಕಿ ಮಲಗದಿರುವಾಗ, ಮರದಡಿಯ ಈ ಮನುಷ್ಯ ಸರ್ಕಾರಕ್ಕೆ ತನ್ನ ಬಡತನವನ್ನು ಅಚ್ಚುಕಟ್ಟಾಗಿ ಒಪ್ಪಿಸುತ್ತಿದ್ದರು. ಕಳೆದ ವರ್ಷ ಒಂದು ಮಧ್ಯಾಹ್ನ ವೀರೇಂದ್ರ ಅವರನ್ನು ಮಾಳಿಗೆಗೆ ಕರೆಸಿದ.

"ಕಾಕಾ, ಮೊದ್ಲ ಕುಂಡ್ರಿ. ತೆರಿಗಿ ಆಫೀಸಿಂದ ನಿಮ್ಮ ಹೆಸರಿಗೆ ನೋಟಿಸ್ ಬಂದೈತಿ. ಒಂದ ವರ್ಷದಾಗ ನಿಮ್ಮ ಖಾತೇಕ ಐವತ್ತೆರಡು ಲಕ್ಷ ಬಂದೈತಿ. ನಾವು ತೋರ್ಸಿದ್ದು ಎರಡು ಲಕ್ಷ ಎಂಬತ್ತು ಸಾವಿರ."

"ಅರಿಕೆ ಏನಂದ್ರ, ವೀರೇಂದ್ರಾ, ಅವು ನನ್ನವಲ್ಲೋ. ಮುಯ್ಯದ ರೊಕ್ಕ."

"ನಿಮ್ಮವಲ್ಲಂತ ನನಗ ಗೊತ್ತೈತಿ. ಅವ್ರಿಗೆ ಹೆಂಗ ಗೊತ್ತಾಗ್ಬೇಕು? ಮದುವಿ ಮಕ್ಕಳಿಗೆ ಬಂದ ಉಡುಗೊರಿಗೆ ತೆರಿಗಿ ಇಲ್ಲ, ಕಾಕಾ. ಆದ್ರ ಖಾತೆ ನಿಮ್ಮದು, ಮದುವಿ ನಿಮ್ಮದಲ್ಲ. ಆ ವರ್ಷ ನೀವು ಮುಯ್ಯಿ ಬರ್ದ ನಲವತ್ಮೂರು ಮನಿಯವ್ರೂ 'ರೊಕ್ಕ ನಮಗ ಮುಟ್ಟೈತಿ' ಅಂತ ಬರ್ದು ಸಹಿ ಹಾಕಿ ಕೊಡ್ಬೇಕು. ಇಪ್ಪತ್ತು ದಿನ ಅದಾವ. ಸಹಿ ಬರಲಾರದ್ದಕ್ಕೆಲ್ಲಾ ತೆರಿಗಿ, ಬಡ್ಡಿ, ದಂಡ ನಿಮ್ಮ ತಲಿ ಮ್ಯಾಲ."

ಮೌಲಾಹುಸೇನರ ಆಸ್ತಿಯೆಂದರೆ ಲಿಂಗಸುಗೂರು ರಸ್ತೆಯ ಬದಿಗೆ, ಮೂವತ್ತು ವರ್ಷದ ಅರ್ಜಿಗಳಿಂದ ಕೊಂಡ ಒಂದು ಸೈಟು. ಅಲ್ಲಿ ನಗ್ಮಾಳ ಹೊಲಿಗೆ ಅಂಗಡಿ ಏಳಬೇಕಿತ್ತು. ಅವಳು ಬಾಗಿಲು ಯಾವ ದಿಕ್ಕಿಗೆ ಎಂಬುದನ್ನೂ ಗೊತ್ತುಮಾಡಿಟ್ಟಿದ್ದಳು. ಅದು ಕೈಬಿಟ್ಟು ಹೋಗುತ್ತದೆಂಬ ಭಯ ಆ ಮಧ್ಯಾಹ್ನ ಅವರೊಳಗೆ ಕುಳಿತದ್ದು ಮತ್ತೆ ಏಳಲಿಲ್ಲ. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವರು. ಕಚೇರಿಯ ಮುಂದೆ ಯಾವ ಜೀಪು ನಿಂತರೂ ಅರ್ಧ ಬರೆದ ಅರ್ಜಿ ಬಿಟ್ಟು ಮರದ ಹಿಂದೆ ಸರಿಯುವರು. ಕುಂಬಳಕಾಯಿ ಕದ್ದವನು ಹೆಗಲು ಮುಟ್ಟಿಕೊಂಡನಂತೆ; ಕದಿಯದ ಇವರು ದಿನವಿಡೀ ಎರಡೂ ಹೆಗಲು ಒರೆಸಿಕೊಳ್ಳುತ್ತಿದ್ದರು. ಸಾವಿರಾರು ಜನರ ಅಂಜಿಕೆಯನ್ನು ಸುಂದರ ವಾಕ್ಯಗಳಾಗಿ ಸರ್ಕಾರದ ಮುಂದಿಟ್ಟವರು ತಮ್ಮ ಉತ್ತರ ಬರೆಯಲು ಕುಳಿತರೆ, "ಮಾನ್ಯರೇ" ಎಂಬಲ್ಲಿಗೇ ನಿಲ್ಲಿಸಿ ಹಾಳೆಯ ಮೇಲೆ ಹಾಳೆ ಹರಿದುಹಾಕುವರು. ಕೊನೆಗೆ ಆ ಕಾಗದವನ್ನು ನಗ್ಮಾ ಬರೆದಳು.

ಸಹಿಗೆ ಹೊರಟರು. ಮೊದಲು ಹೋದದ್ದು ಬಳಗಾನೂರಿನ ವೀರಭದ್ರಮ್ಮನ ಮನೆಗೆ. ಭತ್ತದ ನಾಟಿಯ ಕೂಲಿಯಿಂದಲೇ ಮಗಳ ಮದುವೆ ಮಾಡಿದ ವಿಧವೆ. ಆಕೆ ಪೂರ್ತಿ ಕೇಳಲೂ ಇಲ್ಲ. "ಹೆಬ್ಬಟ್ಟು ಎಲ್ಲಿ ಒತ್ತಬೇಕು ತೋರ್ಸು, ಮೌಲಣ್ಣ. ಕೊಟ್ಟದ್ದು ಕೊಟ್ಟಾನಂತ ಹೇಳಾಕ ನನಗೇನ್ ಅಂಜಿಕಿ" ಎಂದು ಹೆಬ್ಬೆರಳು ಚಾಚಿದಳು. ಅಂದು ಬಸ್ಸಿನಲ್ಲಿ ಅವರಿಗೆ ಬಹಳ ದಿನಗಳ ಮೇಲೆ ಹಸಿವಾಯಿತು. ಕಳೆದುಕೊಳ್ಳಲು ಏನೂ ಇಲ್ಲದ ಮನೆಗಳೆಲ್ಲ ಹೀಗೇ ಒತ್ತಿ ಕೊಟ್ಟವು. ಉಳ್ಳವರ ಮನೆ ಬಂದಂತೆಲ್ಲ ಪೆನ್ನು ಸಿಗದಾಯಿತು.

ಎಲ್ಲಕ್ಕಿಂತ ದೊಡ್ಡ ಮೊತ್ತ ಲಿಂಗಸುಗೂರಿನ ಜವಳಿ ವ್ಯಾಪಾರಿ ಗುರುಬಸವ ಅವರದು: ಒಂದೇ ಮದುವೆಗೆ ಆರು ಲಕ್ಷ. ಅವರು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದರು, ಮೊಮ್ಮಗನ ಫೋಟೊ ತೋರಿಸಿದರು. ಕಾಗದ ಹೊರಬಂದಾಗ ಮಾತ್ರ ಮುಖದ ನಗು ಹಾಗೇ ಇದ್ದು ಕಣ್ಣು ಬೇರೆಯಾಯಿತು.

"ನಿಮ್ಮ ಮ್ಯಾಲ ಅನುಮಾನ ಇಲ್ರೀ, ಮೌಲಾಸಾಬ್ರ. ನೀವು ದೇವರಂಥ ಮಂದಿ. ಆದ್ರ ನಾ ಇದಕ್ಕ ಸಹಿ ಹಾಕಿದ್ರ ನಾಳೆ ಅವ್ರು ಮುಯ್ಯದ ನೆಪ ಮಾಡ್ಕೊಂಡು ನನ್ನ ಅಂಗಡಿ ಹೊಸ್ತಿಲಾ ದಾಟತಾರ. ಅಂಗಡಿ ಅಂದ್ಮ್ಯಾಲ ಒಂದು ಹೆಚ್ಚು ಒಂದು ಕಮ್ಮಿ ಇರ್ತೈತಿ. ನನ್ನ ಯಾಕ ಎಳೀತೀರಿ?"

ಮೌಲಾಹುಸೇನರು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು. ಅವರಿಗೆ ಸಿಟ್ಟು ಬರಲಿಲ್ಲ, ಅದೇ ವಿಚಿತ್ರ. ಸಾಹುಕಾರನ ಹಣೆಯ ಮೇಲೆ ಕಂಡ ಬೆವರಿನಲ್ಲಿ ತಮ್ಮ ಅಂಜಿಕೆಯ ಗುರುತು ಹತ್ತಿ, ಕ್ಷಮೆ ಕೇಳಿದವರ ಹಾಗೆ ಬಗ್ಗಿ ನಮಸ್ಕರಿಸಿ ಬಂದರು. ಇಪ್ಪತ್ತು ದಿನ ಮುಗಿಯುವಷ್ಟರಲ್ಲಿ ಇಪ್ಪತ್ತೊಂಬತ್ತು ಮನೆಗಳ ಸಹಿ ಸಿಕ್ಕಿತ್ತು. ಹದಿನಾಲ್ಕು ಮನೆಗಳು ಒಂದಲ್ಲ ಒಂದು ನಯವಾದ ಮಾತು ಹೇಳಿ ಕಳಿಸಿದ್ದವು.

ಹೇಳಿದ ದಿನ ವೀರೇಂದ್ರನೂ ನಗ್ಮಾಳೂ ಅವರನ್ನು ನಡುವೆ ಕೂರಿಸಿಕೊಂಡು ತೆರಿಗೆ ಕಚೇರಿಗೆ ಕರೆದೊಯ್ದರು. ಅಧಿಕಾರಿ ಗಾಯತ್ರಿ ಎಂಬಾಕೆ, ಹಳೆಯ ಮೈಸೂರಿನ ಕಡೆಯವರು, ಗದರುವ ಸ್ವಭಾವದವರಲ್ಲ. ಬ್ಯಾಂಕಿನ ಪಟ್ಟಿಯ ಮೇಲೆ ಪೆನ್ಸಿಲು ಓಡಿಸುತ್ತ ಹೋದವರು ಒಂದು ಕಡೆ ನಿಂತರು.

"ಎಲ್ಲಾ ಒಂದರಲ್ಲೇ ಮುಗಿಯುತ್ತಲ್ಲ? ನೂರಾ ಒಂದು, ಐನೂರಾ ಒಂದು, ಸಾವಿರದ ನೂರಾ ಹನ್ನೊಂದು. ವ್ಯಾಪಾರದ ದುಡ್ಡು ಹೀಗೆ ಬರಲ್ಲ. ಇದು ಮುಯ್ಯಿ ಅಂತ ನಾನು ಒಪ್ತೀನಿ. ಇಪ್ಪತ್ತೊಂಬತ್ತು ಮನೆಯವರದು ಸರಿಹೋಯಿತು. ಉಳಿದ ಹದಿನಾಲ್ಕು ಮನೆಯವರ ಹೆಸರು ಹೇಳಿ, ಸಹಿ ಬೇಡ. ನಾನೇ ನೋಟಿಸ್ ಕಳಿಸಿ ಕೇಳ್ತೀನಿ. ನಿಮ್ಮ ಮೇಲಿನ ಭಾರ ಇಳಿಯುತ್ತೆ."

ವೀರೇಂದ್ರ ಉಸಿರು ಬಿಟ್ಟ. ನಗ್ಮಾ ತಂದೆಯ ಮೊಣಕೈ ತಟ್ಟಿದಳು. ಇಪ್ಪತ್ತು ವರ್ಷದ ಹಿಂದಿನ ಮದುವೆಯಲ್ಲಿ ಯಾರು ಎಷ್ಟು ಬರೆಸಿದರೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ ಆ ಮನುಷ್ಯ, ಮೇಜಿನ ಅಂಚನ್ನು ನೋಡುತ್ತ ಹೇಳಿದರು: "ಅರಿಕೆ ಏನಂದ್ರ ತಾಯಿ, ನೆನಪಿಲ್ರೀ."

ಅಧಿಕಾರಿ ಮತ್ತೆರಡು ಸಲ ಕೇಳಿದರು. ನೆನಪಿಲ್ಲ ಎಂಬುದನ್ನೇ ಬರೆದುಕೊಂಡರು.

ಹೊರಗೆ ಮೆಟ್ಟಿಲಿನ ಮೇಲೆ ನಗ್ಮಾ ತಂದೆಯ ದಾರಿಗೆ ಅಡ್ಡ ನಿಂತಳು. "ಹದಿನಾಲ್ಕೂ ಹೆಸರು ನಿನಗ ಗೊತ್ತದಾವ, ಅಬ್ಬಾ."

"ಅದಾವ."

"ಮತ್ತ ನನ್ನ ಅಂಗಡಿ?"

ಅವರು ಗೋಡೆ ಹಿಡಿದು ನಿಂತರು. "ಇಪ್ಪತ್ತು ದಿನ ಹೊಟ್ಟಿಗೆ ಕೂಳಿಲ್ಲ, ಕಣ್ಣಿಗೆ ನಿದ್ದಿಲ್ಲ, ಬೇಟಿ. ಅದನ್ನ ಹದಿನಾಲ್ಕು ಮನಿಗೆ ಹಂಚಿ ಬರ್ಲೇನು? ನನ್ನ ಕೈಲಿ ಆಗ್ಲಿಲ್ಲ." ನಗ್ಮಾ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತು ಮಸ್ಕಿಯವರೆಗೂ ಕಿಟಕಿಯ ಹೊರಗೆ ನೋಡಿದಳು.

ಇದನ್ನು ತ್ಯಾಗವೆಂದು ಕರೆದು ಹಾರ ಹಾಕುವ ಆತುರ ಬೇಡ; ಅವರೇ ಅದನ್ನು ಒಪ್ಪುವವರಲ್ಲ. ಹೆಸರು ಹೇಳಿದರೆ ಮುಂದೆ ಯಾವ ಮನೆಯೂ ತಮ್ಮನ್ನು ಬಾಗಿಲಲ್ಲಿ ಕೂರಿಸುವುದಿಲ್ಲವೆಂಬ ದಿಗಿಲು, ಸಾಹುಕಾರರನ್ನು ಎದುರು ಹಾಕಿಕೊಂಡು ಈ ಊರುಗಳ ನಡುವೆ ತಿರುಗಾಡುವುದು ಹೇಗೆಂಬ ದಿಗಿಲು, ಎಲ್ಲ ಅದರೊಳಗೆ ಸೇರಿತ್ತು. ಒಂದು ಭಯ ಇನ್ನೊಂದನ್ನು ಗೆದ್ದಿತು, ಅಷ್ಟೇ. ಹದಿನಾಲ್ಕು ಮನೆಗಳ ಹದಿನೇಳು ಲಕ್ಷ ಅವರದೇ ಆದಾಯವೆಂದು ಆದೇಶ ಬಂತು. ಸೈಟನ್ನು ಸಿಕ್ಕ ಬೆಲೆಗೆ ಮಾರಿ ತೆರಿಗೆ, ದಂಡ ಕಟ್ಟಿದರು. ನಗ್ಮಾ ಈಗಲೂ ಮನೆಯ ಪಡಸಾಲೆಯಲ್ಲೇ ಹೊಲಿಯುತ್ತಾಳೆ. ಆರು ತಿಂಗಳಿಗೆ ಗುರುಬಸವ ಎರಡನೆಯ ಮಗಳ ಲಗ್ನಪತ್ರಿಕೆ ಹಿಡಿದು ಬಂದು, "ಬರಿಯಾಕ ನೀವೇ ಬರ್ಬೇಕ್ರೀ, ನಿಮ್ಮಂಥ ನಂಬಿಗಸ್ತರು ಈ ಕಾಲದಾಗ ಸಿಗಂಗಿಲ್ಲ" ಎಂದರು. ಮೌಲಾಹುಸೇನರು ಹೋದರು, ಬರೆದರು.

ಪ್ರತಿಯೊಂದು ಊರಿಗೂ ಇಂಥವನೊಬ್ಬ ಇರುತ್ತಾನೆ. ಅವನು ಯಾರ ಕಡೆಯವನೂ ಅಲ್ಲವೆಂದು ನಾವು ಅವನನ್ನು ನಡುವೆ ಕೂರಿಸುತ್ತೇವೆ. ಯಾರ ಕಡೆಯವನೂ ಅಲ್ಲದ್ದರಿಂದಲೇ, ಅವನ ಹೊತ್ತು ಬಂದಾಗ ಅವನ ಕಡೆಗೆ ಯಾರೂ ಇರುವುದಿಲ್ಲ. ಅವನು ಬಾಯಿ ಬಿಡನೆಂಬ ಭರವಸೆಯನ್ನು ನಾವು ನಂಬಿಕೆ ಎಂದು ಕರೆದುಕೊಳ್ಳುತ್ತೇವೆ. ಅವನು ನಮಗಿಂತ ಹೆಚ್ಚು ಹೆದರುತ್ತಾನೆಂದು ನಮಗೆ ಚೆನ್ನಾಗಿ ಗೊತ್ತಿರುತ್ತದೆ, ಮತ್ತು ನಾವು ಆ ಹೆದರಿಕೆಯ ಮೇಲೆಯೇ ನೆಮ್ಮದಿಯಾಗಿ ನಿದ್ದೆ ಮಾಡುತ್ತೇವೆ. ಇಷ್ಟು ಬರೆಯುವ ಯೋಗ್ಯತೆ ನನಗೆ ಇದೆಯೆಂದು ಹೇಳಲಾರೆ: ಆ ಹದಿನಾಲ್ಕು ಮನೆಗಳಲ್ಲಿ ಒಂದು ನಮ್ಮದು, ಅವರು ಕಾಗದ ಹಿಡಿದು ಬಂದ ದಿನ, ಅಪ್ಪ ಮನೆಯಲ್ಲಿಲ್ಲ ಎಂದು ಹೇಳಿ ಕಳಿಸಿದವನು ನಾನೇ.