ಕೊನೇ ಸಾಲಿನ ಕೆಂಪು ಟವೆಲ್

“ಅಷ್ಟು ಬಿಗೀಬೇಡ್ವೋ ಮಾರಾಯ, ಬಿದಿರು ಸೀಳ್ತದೆ,” ಎಂದು ಶ್ಯಾಮ ಗದರಿದ. ಚಟ್ಟಕ್ಕೆ ಹಗ್ಗ ಸುತ್ತುತ್ತಿದ್ದ ರಾಜೇಂದ್ರ ಕೈ ಸಡಿಲಿಸಿದ. ಒಬ್ಬ ಆರ್ಕೆಸ್ಟ್ರಾದ ಹಾಡುಗಾರ, ಇನ್ನೊಬ್ಬ ಡ್ರಮ್ಸ್ ಬಾರಿಸುವವನು. ಕೀಬೋರ್ಡ್ ನುಡಿಸುವ ಉಮಾಮಹೇಶ್ವರ ಮಾತ್ರ, ತಂಡಕ್ಕೆಲ್ಲ ತಾನೇ ಯಜಮಾನ ಅನ್ನುವವನು, ಇವತ್ತು ಯಾರಿಗೂ ಬೇಡದವನ ಹಾಗೆ ಪಂಕ್ಚರ್ ಅಂಗಡಿಯ ಹಳೇ ಟಯರ್ ರಾಶಿಗೆ ಒರಗಿ ನಿಂತಿದ್ದ.

ಅಂಗಡಿಯ ಹಿಂದೆಯೇ ಮನೆ. ಒಳಗೆ ಮಾಸ್ತಪ್ಪನನ್ನು ಮಲಗಿಸಿದ್ದರು. ಶನಿವಾರ ತೀರ್ಥಹಳ್ಳಿಯ ಕಾರ್ಯಕ್ರಮಕ್ಕೆ ಇವರ ಜೊತೆ ವ್ಯಾನಿನಲ್ಲಿ ಬಂದಿದ್ದವನು, ಸೋಮವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಲೇ ಎದೆ ಹಿಡಿದುಕೊಂಡು ಕುಸಿದಿದ್ದ. ತಾಳಗುಪ್ಪದಿಂದ ಸಾಗರದ ಆಸ್ಪತ್ರೆಗೆ ಸಾಗಿಸುವಷ್ಟೂ ಪುರುಸೊತ್ತು ಕೊಡಲಿಲ್ಲ.

“ನಿಮ್ಮ ಆರ್ಕೆಸ್ಟ್ರಾದಲ್ಲಿ ಇಂವ ಎಂತ ಬಾರಿಸ್ತಿದ್ದ?” ನೆರೆಮನೆಯ ಹೂವಪ್ಪ ಉಮಾಮಹೇಶ್ವರನ ಪಕ್ಕಕ್ಕೆ ಬಂದು ಕೇಳಿದ.

“ಬಾರಿಸ್ತಿರ್ಲಿಲ್ಲ. ಕೇಳ್ತಿದ್ದ.”

“ಬರೀ ಕೇಳಕ್ಕೆ ಅಷ್ಟು ದೂರ ಹೋಗ್ತಿದ್ನಾ? ಒಳ್ಳೇ ಹುಚ್ಚು!”

ಬೆಳಿಗ್ಗೆಯಿಂದ ಉಮಾಮಹೇಶ್ವರನನ್ನು ಕೊರೆಯುತ್ತಿದ್ದುದು ಒಂದೇ. ಹನ್ನೊಂದು ವರ್ಷದ ಹಿಂದೆ ತಾನು ಆಡಿದ ಒಂದು ಮಾತು ಮಾಸ್ತಪ್ಪನಿಗೆ ನೆನಪಿತ್ತಾ? ಮರೆತು ಹೋಗಿರಲಪ್ಪಾ ದೇವರೇ, ಎಂದು ಅವನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ.

*

ಹೊಸನಗರದ ಗಣಪತಿ ಪೆಂಡಾಲು. ಆಗ ಡ್ರಮ್ಸ್ ಮುಂದೆ ಕೂತಿದ್ದವನು ಮಾಸ್ತಪ್ಪನೇ. ಖುಷಿ ಏರಿದರೆ ಅವನ ಕೈ ನಿಲ್ಲುತ್ತಿರಲಿಲ್ಲ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹಾಡು ಓಡತೊಡಗಿ, ಶ್ಯಾಮ ಉಸಿರು ಸಿಗದೆ ಒದ್ದಾಡಿದ. ಐದನೇ ಹಾಡಿಗೆ ಅರ್ಧ ಕುರ್ಚಿ ಖಾಲಿ.

ವೇದಿಕೆಯ ಹಿಂದೆ, ಎಲ್ಲರೆದುರೇ, ಉಮಾಮಹೇಶ್ವರ ಹೇಳಿಬಿಟ್ಟ: “ನಿನ್ನ ತಾಳ ಓಡ್ತದೆ ಮಾಸ್ತಪ್ಪ. ಒಂದಾರು ತಿಂಗಳು ಜನದ ಹಿಂದೆ ನಿಂತು ಕೇಳು. ಮನೇಲಿ ಸರಿ ಮಾಡ್ಕೊ. ಆಮೇಲೆ ನಾನೇ ಕರೀತೀನಿ.”

“ಆಯ್ತು ಉಮಣ್ಣ,” ಅಂದ ಮಾಸ್ತಪ್ಪ. ಎರಡು ಸ್ಟಿಕ್ಕನ್ನೂ ಬಟ್ಟೆಯ ಚೀಲಕ್ಕೆ ಹಾಕಿಕೊಂಡ. ಬೇಜಾರಾಯಿತೋ ಇಲ್ಲವೋ, ಮುಖದಲ್ಲಿ ತೋರಿಸಲಿಲ್ಲ.

ಅವನು ನಿಜಕ್ಕೂ ಹಿಂದೆ ಹೋಗಿ ನಿಂತ. ಟ್ಯೂಬನ್ನು ಕಿವಿಗೆ ಹಿಡಿದೇ ಗಾಳಿ ಎಲ್ಲಿ ಸೋರುತ್ತದೆ ಅನ್ನುವವನು, ಅವನಿಂದ ಏನು ತಪ್ಪಿಸಿಕೊಂಡೀತು? ಇಡೀ ಕಾರ್ಯಕ್ರಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ವಾಪಸು ಬರುವಾಗ ವ್ಯಾನಿನಲ್ಲಿ ಹಾಕುತ್ತಿದ್ದ. ಮೊದಲ ಸಲ ಕೇಳಿದಾಗ ಎಲ್ಲರಿಗೂ ನಾಚಿಕೆಯಾಗಿ ಹೋಯಿತು. ಶ್ಯಾಮನ ದನಿಯನ್ನು ಕೀಬೋರ್ಡ್ ನುಂಗಿತ್ತು. ಹಾಡು ಹಾಡಿನ ನಡುವೆ ಕಾಗದ ಹುಡುಕುವ ಸರಬರ, “ಮುಂದೆ ಯಾವ್ದೋ?” ಎನ್ನುವ ಪಿಸುಗುಟ್ಟು, ಎಲ್ಲ ಮೈಕಿನಲ್ಲಿ ಬಂದಿತ್ತು. ಕಾಗದ ಬಿಟ್ಟರು, ಹಾಡು ಬಾಯಿಪಾಠ ಮಾಡಿದರು, ಕೀಬೋರ್ಡ್ ತಗ್ಗಿಸಿದರು.

ವೇದಿಕೆ ಏರಿದ ಮೇಲೆ ಮತ್ತೆ ಮರೆವು. ಅದಕ್ಕೆ ಮಾಸ್ತಪ್ಪ ಜನದ ಹಿಂದಿನಿಂದ ಸನ್ನೆ ಮಾಡಲು ಒಂದು ಕೆಂಪು ಟವೆಲ್ ತಂದ. ಬಲ ಹೆಗಲ ಮೇಲಿದ್ದರೆ ಹಾಡು ಕೇಳ್ತಿಲ್ಲ. ಎಡ ಹೆಗಲಾದರೆ ಕೀಬೋರ್ಡ್ ಜೋರು. ತಲೆ ಮೇಲೆ ಹಾಕಿಕೊಂಡನೋ, ಓಡ್ತಿದೀರಿ, ನಿಧಾನ. ಜನ ಎದ್ದು ಹೋಗುವುದು ನಿಂತಿತು. ಹುಲಿಕಲ್ಲಿನಿಂದ ತೀರ್ಥಹಳ್ಳಿಯವರೆಗೂ ಕರೆ ಬಂತು.

ಆರು ತಿಂಗಳು ಹನ್ನೊಂದು ವರ್ಷವಾಯಿತು. ಉಮಾಮಹೇಶ್ವರ ಕರೆಯಲಿಲ್ಲ. ಬದಲಿಗೆ ಬಂದ ರಾಜೇಂದ್ರನ ಕೈ ಕೂತಿತ್ತು ಅನ್ನುವುದು ನೆಪ. ಮಾಸ್ತಪ್ಪ ಮುಂದೆ ಬಂದುಬಿಟ್ಟರೆ ಹಿಂದೆ ನಿಲ್ಲುವವರು ಯಾರು ಅನ್ನುವುದೇ ನಿಜ.

*

“ಉಮಣ್ಣ, ಇದನ್ನ ನೀವೇ ಇಟ್ಕಳಿ. ಶನಿವಾರದ್ದೂ ಇದ್ರಲ್ಲಿದೆ.” ಮಾಸ್ತಪ್ಪನ ಹೆಂಡತಿ ಗುತ್ಯಮ್ಮ ಮೊಬೈಲ್ ಕೊಟ್ಟಳು.

ಉಮಾಮಹೇಶ್ವರ ಶನಿವಾರದ್ದನ್ನು ಹಾಕಿ ಕಿವಿಗಿಟ್ಟುಕೊಂಡ. ಹಾಡಿನ ಕೆಳಗೆ ಅದೇ ಸಣ್ಣ ಸದ್ದು, ಟಕ್, ಟಕ್. ಎಲ್ಲ ರೆಕಾರ್ಡಿಂಗಿನಲ್ಲೂ ಇರುತ್ತಿತ್ತು.

“ಈ ಸದ್ದು ಎಂತದೋ ಅಂದ್ರೆ ಜನರೇಟರ್ ಅಂತಿದ್ದ.”

“ಜನರೇಟರಾ? ಅದು ಅವರದ್ದೇ ಅಣ್ಣ. ಸ್ಟಿಕ್ ಹಿಡ್ಕಂಡು ಕುರ್ಚಿ ಬೆನ್ನಿಗೆ ಮೆಲ್ಲಗೆ ಬಾರಿಸೋರು. ಇಲ್ಲಿ ದಿನಾ ಸಂಜೆ ಈ ಟಯರ್ ಮೇಲೆ.”

ಉಮಾಮಹೇಶ್ವರ ಒರಗಿದ್ದ ಟಯರಿನಿಂದ ಸರಿದು ನಿಂತ. ಮೊಬೈಲಿನಲ್ಲಿ ಜೋರಿನ ಹಾಡೊಂದು ಶುರುವಾಯಿತು. ರಾಜೇಂದ್ರನ ಡ್ರಮ್ಸ್ ಒಂದು ಕಡೆ ಮುಂದಕ್ಕೆ ಜಾರಿತು. ಟಕ್ ಟಕ್ ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಯಾವಾಗ ಸರಿ ಮಾಡಿಕೊಂಡಿದ್ದನೋ ಏನೋ ಪುಣ್ಯಾತ್ಮ!

“ಬಾಯಿ ಬಿಟ್ಟು ಕೇಳ್ರಿ ಅಂತ ನಾನೇ ಎಷ್ಟೋ ಸಲ ಬೈದಿದ್ದೆ,” ಗುತ್ಯಮ್ಮ ಬಟ್ಟೆಯ ಚೀಲ ಬಿಚ್ಚಿದಳು. ಸ್ಟಿಕ್ಕುಗಳ ತುದಿ ಸವೆದು ಮೊಂಡಾಗಿತ್ತು. “‘ಉಮಣ್ಣ ತಾನೇ ಕರೀತೀನಿ ಅಂದಿದಾರೆ ಕಣೆ’ ಅನ್ನೋರು. ಶನಿವಾರನೂ ಇವನ್ನ ತಗಂಡೇ ಹೋಗಿದ್ರು.”

“ನಂದು ತಪ್ಪಾಯ್ತು ಗುತ್ಯಮ್ಮ.”

“ನನ್ಹತ್ರ ಹೇಳಿ ಈಗೇನ್ ಬಂತು ಅಣ್ಣ?” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವನಿಗನ್ನಿಸಿತು. ಅವಳು ಒಳಗೆ ಹೋಗಿ ಸ್ಟಿಕ್ಕುಗಳನ್ನು ಗಂಡನ ಬಲಗೈ ಪಕ್ಕ ಇಟ್ಟಳು. ಗೋಡೆಯ ಮೊಳೆಯಲ್ಲಿ ಕೆಂಪು ಟವೆಲ್ ನೇತಾಡುತ್ತಿತ್ತು. ಹಿಂದೆಯೇ ಒಳಬಂದ ಉಮಾಮಹೇಶ್ವರ ಅವಳ ಮುಖ ನೋಡಿದ. ತಗಳಿ ಎನ್ನುವಂತೆ ಅವಳು ತಲೆಯಾಡಿಸಿದಳು.

*

ಚಟ್ಟ ಎತ್ತಿದರು. ಮುಂದಿನ ಹೆಗಲು ಶ್ಯಾಮ, ರಾಜೇಂದ್ರರದ್ದು, ಹಿಂದಿನದು ನೆಂಟರಿಬ್ಬರದ್ದು. ಸ್ಮಶಾನ ರೈಲ್ವೆ ಹಳಿಯ ಆಚೆ.

“ರೈಲು ಬರೋ ಹೊತ್ತಾಯ್ತು, ಗೇಟ್ ಹಾಕ್ತಾರೆ! ಬೇಗ ಬೇಗ!” ಹೂವಪ್ಪ ಕೂಗಿದ.

ಹೆಜ್ಜೆಗಳು ಓಡತೊಡಗಿದವು. ಒಬ್ಬೊಬ್ಬರದು ಒಂದೊಂದು ತಾಳ. ಚಟ್ಟ ಆಚೀಚೆ ಹೊಯ್ದಾಡಿತು.

ಯಾವತ್ತೂ ಮುಂದೆಯೇ ನಿಂತು ಅಭ್ಯಾಸವಿದ್ದ ಉಮಾಮಹೇಶ್ವರ ಒಬ್ಬೊಬ್ಬರಿಗೇ ದಾರಿ ಬಿಡುತ್ತ ಕೊನೆಗೆ ಬಂದ. ಅಲ್ಲಿ ಪಕ್ಕಕ್ಕೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. ಹನ್ನೊಂದು ವರ್ಷ ಮಾಸ್ತಪ್ಪ ಇಲ್ಲೇ ಒಬ್ಬನೇ ನಿಂತಿದ್ದನಲ್ಲ ಎಂದುಕೊಂಡ. ಕೆಂಪು ಟವೆಲನ್ನು ಬಿಡಿಸಿ ತಲೆಯ ಮೇಲೆ ಹಾಕಿಕೊಂಡ.

ಹೆಗಲ ಭಾರದ ನಡುವೆಯೂ ರಾಜೇಂದ್ರ ಅಭ್ಯಾಸಬಲದಿಂದ ಕತ್ತು ಹೊರಳಿಸಿ ಜನದ ಹಿಂದಕ್ಕೆ ನೋಡಿದ. ಶ್ಯಾಮನೂ ನೋಡಿದ. ಇಬ್ಬರ ಹೆಜ್ಜೆ ನಿಧಾನವಾಯಿತು. ಹಿಂದಿನವರೂ ಅದಕ್ಕೇ ಕಾಲು ಕೂಡಿಸಿದರು.

ಚಟ್ಟ ಅಲುಗುವುದು ನಿಂತಿತು. ಮುಂದೆ ಗೇಟು ಬಿತ್ತು.